ಟಿಫನ್ ಬಾಕ್ಸ್ ಡೈ: ಹಾರ್ಡ್ ಕ್ರೋಮ್ ಸಿಪ್ಪೆ ಏಳುವುದು ಏಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಶಾಪ್ ಇದೆ. 0.8 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಶೀಟಿನಲ್ಲಿ ಚೌಕ ಟಿಫನ್ ಬಾಕ್ಸ್ ಎಳೆಯುತ್ತೇವೆ, ಅಂದರೆ ಶೀಟನ್ನು ಡೈ ಬಾಯಿಯೊಳಕ್ಕೆ ಒತ್ತಿ ಇಳಿಸಿ ಡಬ್ಬಿ ಮಾಡುತ್ತೇವೆ. ಡೈ (ಅಚ್ಚು) ಡಿ2 ಅನ್ನುವ ಟೂಲ್ ಸ್ಟೀಲಿನದು, ಗಡಸುತನ ರಾಕ್‌ವೆಲ್ ಅಳತೆಯಲ್ಲಿ 58ರಿಂದ 60 ಎಚ್‌ಆರ್‌ಸಿ. ಡೈ ಬಾಯಿಯನ್ನು ವೈರ್‌ಕಟ್‌ನಲ್ಲಿ (ತಂತಿಯ ಕಿಡಿಯಿಂದ ಕತ್ತರಿಸುವ ಮೆಷಿನ್) ತೆಗೆಸಿದ್ದೇವೆ. ಪಂಚ್ (ಶೀಟನ್ನು ಒಳಕ್ಕೆ ತಳ್ಳುವ ಭಾಗ) ಮತ್ತು ಡೈ ನಡುವೆ ಒಂದು ಬದಿಗೆ 0.9 ಮಿ.ಮೀ. ಸಂದು ಇದೆ. ಡಬ್ಬಿಯ ಮೈಮೇಲೆ ಗೀರು ಬೀಳುತ್ತದೆ ಅಂತ ಎರಡಕ್ಕೂ 50 ಮೈಕ್ರಾನ್ (0.05 ಮಿ.ಮೀ.) ಹಾರ್ಡ್ ಕ್ರೋಮ್, ಅಂದರೆ ಕರೆಂಟ್ ಕೊಟ್ಟು ಕೂರಿಸುವ ಗಡಸು ಕ್ರೋಮಿಯಂ ಪದರ, ಹಾಕಿಸಿದೆವು. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ನಾಲ್ಕೂ ಮೂಲೆಯಲ್ಲಿ ಸಿಪ್ಪೆ ಎದ್ದಿತು. ಪ್ಲೇಟಿಂಗ್‌ನವರು ಹೀಟ್ ಟ್ರೀಟ್‌ಮೆಂಟ್ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ಈ ಸಲ 100 ಮೈಕ್ರಾನ್ ಹಾಕಿಸಿದರೆ ನಿಲ್ಲುತ್ತಾ? ನಾವೇ ಒಂದು ಸಣ್ಣ ಟ್ಯಾಂಕ್ ಇಟ್ಟುಕೊಂಡರೆ ಹೇಗೆ? ಇನ್ನೊಂದು ವಿಷಯ. ಡೈಯನ್ನೇ ಪೂರ್ತಿ ಪ್ಲೇಟಿಂಗ್‌ನಲ್ಲಿ ಬೆಳೆಸಿ ತೆಗೆಯುತ್ತಾರಂತೆ, ಅದು ನಮ್ಮ ಕೆಲಸಕ್ಕೆ ಬರುತ್ತಾ?

ಉತ್ತರ: 100 ಮೈಕ್ರಾನ್ ಹಾಕಿಸಬೇಡಿ. 50 ಹಾಕಿಸಿದ್ದೇ ಜಾಸ್ತಿ ಆಯಿತು. ನಿಮ್ಮ ಡೈಗೆ 20ರ ಆಸುಪಾಸು ಸಾಕು. ಪಂಚ್‌ಗೆ ಬೇಡವೇ ಬೇಡ. ಯಾರ ತಪ್ಪು ಅನ್ನುವ ಜಗಳವನ್ನು ಸ್ವಲ್ಪ ಪಕ್ಕಕ್ಕಿಡಿ. ನೀವು ಬರೆದ ಪತ್ರದಲ್ಲೇ ಕಾರಣಗಳು ಕಾಣುತ್ತಿವೆ.

ಮೊದಲು ಸಂದಿನ ಲೆಕ್ಕ ನೋಡಿ. ಒಂದು ಬದಿಗೆ 0.9 ಮಿ.ಮೀ. ಇಟ್ಟಿರಿ. ಡೈ ಮೇಲೆ 0.05 ಬಂತು, ಪಂಚ್ ಮೇಲೆ 0.05 ಬಂತು. ಉಳಿದದ್ದು 0.8. ಶೀಟಿನ ದಪ್ಪವೂ 0.8. ಎಣ್ಣೆಗೇ ಜಾಗ ಇಲ್ಲ. ಅದೂ ಅಲ್ಲದೆ ಚೌಕ ಡಬ್ಬಿ ಎಳೆಯುವಾಗ ಮೂಲೆಯಲ್ಲಿ ಲೋಹ ಒತ್ತಿಕೊಂಡು ಬಂದು ಶೀಟ್ ದಪ್ಪ ಆಗುತ್ತದೆ. ಅಂಚಿನ ಹತ್ತಿರವಂತೂ ಇನ್ನೂ ದಪ್ಪ. ಹಾಗಾಗಿ ಮೂಲೆಯಲ್ಲಿ ನೇರ ಬದಿಗಿಂತ ಜಾಸ್ತಿ ಸಂದು ಬಿಡಬೇಕು. ನಿಮ್ಮಲ್ಲಿ ಉಲ್ಟಾ ಆಗಿದೆ. ಮೂಲೆಯಲ್ಲಿ ನೀವು ಶೀಟನ್ನು ಎಳೆಯುತ್ತಿಲ್ಲ, ಹಿಂಡುತ್ತಿದ್ದೀರಿ. ಆ ಹಿಂಡುವ ಬಲ ಕ್ರೋಮ್ ಪದರವನ್ನು ಅಡ್ಡಡ್ಡ ತಳ್ಳುತ್ತದೆ. ಎಷ್ಟೇ ಒಳ್ಳೆಯ ಪ್ಲೇಟಿಂಗ್ ಆದರೂ ಅಲ್ಲಿ ಕಷ್ಟ.

ಪಂಚ್‌ಗೆ ಏಕೆ ಬೇಡ ಅಂದರೆ, ಎಳೆಯುವ ಕೆಲಸದಲ್ಲಿ ಪಂಚ್ ಮೂತಿಯ ಹತ್ತಿರ ಸ್ವಲ್ಪ ಹಿಡಿತ ಇರುವುದೇ ಒಳ್ಳೆಯದು. ಶೀಟ್ ಪಂಚ್‌ಗೆ ಅಂಟಿಕೊಂಡು ಇಳಿದರೆ ತಳದ ತಿರುವಿನಲ್ಲಿ ತೆಳ್ಳಗಾಗುವುದು, ಹರಿಯುವುದು ಕಡಿಮೆ. ಜಾರಬೇಕಾದದ್ದು ಡೈ ಬಾಯಿಯ ರೇಡಿಯಸ್ (ದುಂಡಗೆ ಮಾಡಿದ ಅಂಚು) ಮೇಲೆ ಮತ್ತು ಶೀಟನ್ನು ಒತ್ತಿ ಹಿಡಿಯುವ ಬ್ಲಾಂಕ್ ಹೋಲ್ಡರ್ ಕೆಳಗೆ. ಖರ್ಚು ಮಾಡುವುದಿದ್ದರೆ ಅಲ್ಲಿ ಮಾಡಿ.

ಇನ್ನು 50 ಮೈಕ್ರಾನ್ ಅಂತ ಬಿಲ್ಲಿನಲ್ಲಿ ಬರೆದದ್ದು ಡೈ ಮೇಲೆ ಎಲ್ಲ ಕಡೆ 50 ಆಗಿರುವುದಿಲ್ಲ. ಇದನ್ನು ತಿಳಿಯಲು ಟ್ಯಾಂಕಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು.

ಸಾಮಾನ್ಯ ಹಾರ್ಡ್ ಕ್ರೋಮ್ ಬಾತ್‌ನಲ್ಲಿ, ಅಂದರೆ ಟ್ಯಾಂಕಿನ ದ್ರಾವಣದಲ್ಲಿ, ಒಂದು ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಮ್ಲ, 2.5 ಗ್ರಾಂ ಗಂಧಕಾಮ್ಲ ಇರುತ್ತದೆ. ನೂರಕ್ಕೆ ಒಂದು. ಈ ಚೂರು ಗಂಧಕಾಮ್ಲ ಇಲ್ಲದೆ ಕ್ರೋಮ್ ಸರಿಯಾಗಿ ಕೂರುವುದಿಲ್ಲ, ಜಾಸ್ತಿ ಆದರೂ ಕೂರುವುದಿಲ್ಲ. ಅಮೆರಿಕದ ಸಾರ್ಜೆಂಟ್ 1920ರಲ್ಲಿ ಇಂಥ ದ್ರಾವಣದ ವಿವರ ಪ್ರಕಟಿಸಿದರು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಆ ಸಲ್ಫೇಟಿನ ಪಾತ್ರವನ್ನು ಬಿಡಿಸಿ ಹೇಳಿ, 1926ರಲ್ಲಿ ಪೇಟೆಂಟ್ ಪಡೆದರು. ನೂರು ವರ್ಷ ಆಯಿತು. ಇವತ್ತು ನಿಮ್ಮ ಪಕ್ಕದ ರಸ್ತೆಯ ಟ್ಯಾಂಕಿನಲ್ಲಿರುವುದೂ ಹೆಚ್ಚುಕಡಿಮೆ ಅದೇ ಪಾಕ.

ನಿಕ್ಕಲ್, ತಾಮ್ರದ ಪ್ಲೇಟಿಂಗ್‌ನಲ್ಲಿ ಆನೋಡ್ (ಕರೆಂಟಿನ ಪಾಸಿಟಿವ್ ತುದಿಗೆ ಕಟ್ಟಿದ ಲೋಹ) ಕರಗಿ ಕೆಲಸದ ಮೇಲೆ ಬಂದು ಕೂರುತ್ತದೆ. ಇಲ್ಲಿ ಹಾಗಲ್ಲ. ಆನೋಡ್ ಸೀಸದ್ದು, ತವರವೋ ಆಂಟಿಮನಿಯೋ ಬೆರೆಸಿದ ಸೀಸ. ಅದು ಕರಗುವುದಿಲ್ಲ. ಕ್ರೋಮಿಯಂ ಬರುವುದು ದ್ರಾವಣದಿಂದಲೇ. ಬಿಸಿ 55 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕರೆಂಟ್ ಒಂದು ಚದರ ಡೆಸಿಮೀಟರಿಗೆ 30ರಿಂದ 60 ಆಂಪಿಯರ್. ಇಷ್ಟು ಕರೆಂಟ್ ಕೊಟ್ಟರೂ ಕ್ರೋಮ್ ಆಗಿ ಕೂರುವುದು ಅದರಲ್ಲಿ ಶೇಕಡಾ 12ರಿಂದ 20 ಮಾತ್ರ. ಉಳಿದದ್ದು ಬಹುಪಾಲು ಹೈಡ್ರೋಜನ್ ಗುಳ್ಳೆ ಎಬ್ಬಿಸುವುದಕ್ಕೇ ಹೋಗುತ್ತದೆ. ಈ ಹೈಡ್ರೋಜನ್ ಮುಂದೆ ಇನ್ನೆರಡು ಕಡೆ ನಮಗೆ ತೊಂದರೆ ಕೊಡಲಿದೆ.

ಲೆಕ್ಕ ಬೇಕಿದ್ದರೆ ಇಲ್ಲಿದೆ. ಒಂದು ಕ್ರೋಮಿಯಂ ಪರಮಾಣುವಿಗೆ ಆರು ಎಲೆಕ್ಟ್ರಾನ್ ಬೇಕು. ದಕ್ಷತೆ ಶೇಕಡಾ 15, ಕರೆಂಟ್ 50 ಆಂಪಿಯರ್ ಅಂತ ಹಿಡಿದರೆ ಗಂಟೆಗೆ ಸುಮಾರು 34 ಮೈಕ್ರಾನ್ ಬೆಳೆಯುತ್ತದೆ. ಅಂದರೆ 20 ಮೈಕ್ರಾನ್‌ಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಡೈ ಎಷ್ಟು ಹೊತ್ತು ಟ್ಯಾಂಕಿನಲ್ಲಿತ್ತು ಅಂತ ಕೇಳಿ ನೋಡಿ, ಬಿಲ್ಲಿನಲ್ಲಿರುವ ದಪ್ಪ ನಿಜವೋ ಅಲ್ಲವೋ ಅಂದಾಜು ಸಿಗುತ್ತದೆ.

ಕರೆಂಟಿಗೆ ಚೂಪು ಜಾಗ ಅಂದರೆ ಇಷ್ಟ. ಹೊರಕ್ಕೆ ಚಾಚಿದ ಅಂಚಿಗೆ, ಆನೋಡ್‌ಗೆ ಹತ್ತಿರ ಇರುವ ಜಾಗಕ್ಕೆ ಹೆಚ್ಚು ಹರಿಯುತ್ತದೆ. ಒಳಮೂಲೆಗೆ, ಗುಂಡಿಗೆ ಕಡಿಮೆ. ಎಲ್ಲ ಪ್ಲೇಟಿಂಗ್‌ನಲ್ಲೂ ಇದು ಇದ್ದದ್ದೇ. ಆದರೆ ಕ್ರೋಮ್ ಬಾತ್ ಈ ವಿಷಯದಲ್ಲಿ ತುಂಬಾ ಕೆಟ್ಟದ್ದು. ನಿಮ್ಮ ಡೈ ಬಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನ ರೇಡಿಯಸ್ ಹೊರಕ್ಕೆ ಉಬ್ಬಿದ ಭಾಗ, ಅಲ್ಲಿ ಕ್ರೋಮ್ ದಪ್ಪ. ಅದರ ಕೆಳಗೆ ಕೆಲವೇ ಮಿ.ಮೀ. ದೂರದಲ್ಲಿ ನಾಲ್ಕು ಒಳಮೂಲೆ, ಅಲ್ಲಿ ತೆಳು. ಸರಾಸರಿ 50 ಅಂದರೆ ರೇಡಿಯಸ್ ಮೇಲೆ ಅದರ ಎರಡರಷ್ಟು ಇದ್ದರೂ ನನಗೆ ಆಶ್ಚರ್ಯ ಇಲ್ಲ. ದಪ್ಪ ಆದಷ್ಟೂ ಪದರದ ಒಳಗಿನ ಎಳೆತ ಜಾಸ್ತಿ, ಅಂಚಿನಲ್ಲಿ ಸಾಸಿವೆ ಕಾಳಿನಂಥ ಗಂಟುಗಳೂ ಏಳುತ್ತವೆ. ನೀವು 100 ಮೈಕ್ರಾನ್ ಕೇಳಿದರೆ ಆ ಜಾಗ ಇನ್ನೂ ಹದಗೆಡುತ್ತದೆ.

ಇದಕ್ಕೆ ಪರಿಹಾರ ಇದೆ. ಆದರೆ ಪ್ಲೇಟಿಂಗ್‌ನವರು ಮೈ ಬಗ್ಗಿಸಬೇಕು. ಡೈ ಬಾಯಿಯ ಆಕಾರಕ್ಕೇ ಚೌಕವಾಗಿ ಒಂದು ಸೀಸದ ಆನೋಡ್ ಮಾಡಿ, ಅದನ್ನು ಬಾಯಿಯ ನಟ್ಟನಡುವೆ ನಿಲ್ಲಿಸಬೇಕು. ಸುತ್ತ ಒಂದೇ ಅಂತರ ಬರಬೇಕು. ಮೇಲಿನ ಅಂಚಿಗೆ ಪಿವಿಸಿ ಮರೆ ಕಟ್ಟಬೇಕು. ಅಥವಾ ಅಂಚಿನ ಪಕ್ಕದಲ್ಲಿ ಒಂದು ತಂತಿ ಸುತ್ತಿದರೆ ಹೆಚ್ಚಿನ ಕರೆಂಟನ್ನು ಅದು ತಿನ್ನುತ್ತದೆ. ಟ್ಯಾಂಕಿನ ಎರಡು ಬದಿಯ ಮಾಮೂಲಿ ಆನೋಡ್ ನಡುವೆ ಡೈಯನ್ನು ತೂಗುಹಾಕಿ ತೆಗೆದರೆ ಬಾಯಿಯೊಳಗೆ ಹೆಚ್ಚೇನೂ ಸಿಗುವುದಿಲ್ಲ. ಹೊರಗಿನ ನಾಲ್ಕು ಬದಿ ಮಾತ್ರ ಫಳಫಳ ಹೊಳೆಯುತ್ತದೆ! ಅದಕ್ಕೇ ಕೆಲಸ ಕೊಡುವ ಮುಂಚೆ ‘ಆನೋಡ್ ಹೇಗೆ ಇಡ್ತೀರಿ?’ ಅಂತ ಒಂದು ಮಾತು ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ಹೋಗಿ.

ಈಗ ವೈರ್‌ಕಟ್ ವಿಚಾರ. ನನ್ನ ಅನುಮಾನ ಜಾಸ್ತಿ ಇರುವುದು ಇಲ್ಲೇ. ವೈರ್‌ಕಟ್ ಆಗಲಿ, ಸ್ಪಾರ್ಕ್ ಮೆಷಿನ್ ಆಗಲಿ, ಉಕ್ಕನ್ನು ಕಿಡಿಯಿಂದ ಕರಗಿಸಿ ತೆಗೆಯುತ್ತದೆ. ಕರಗಿದ್ದರಲ್ಲಿ ಸ್ವಲ್ಪ ಅಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಬಿಳಿ ಪದರ ಅನ್ನುವುದು ಇದನ್ನೇ. ತುಂಬಾ ಗಡಸು, ಆದರೆ ಪೆಡಸು. ಒಳಗೆ ಸಣ್ಣ ಸಣ್ಣ ಬಿರುಕುಗಳು. ಇದರ ಮೇಲೆ ಕ್ರೋಮ್ ಕೂರಿಸಿದರೆ ಕ್ರೋಮ್ ಗಟ್ಟಿಯಾಗಿಯೇ ಹಿಡಿಯುತ್ತದೆ, ಹಿಡಿಯುವುದು ಮಾತ್ರ ಈ ಸಡಿಲ ಪದರವನ್ನು. ಭಾರ ಬಿದ್ದಾಗ ಎರಡೂ ಸೇರಿ ಕಿತ್ತು ಬರುತ್ತವೆ. ಎದ್ದ ಸಿಪ್ಪೆಯ ಒಂದು ಚೂರು ಸಿಕ್ಕರೆ ಬೆನ್ನ ಕಡೆ ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ನೋಡಿ. ಬೆನ್ನು ನುಣ್ಣಗೆ, ಹೊಳಪಾಗಿ ಇದ್ದರೆ ಕ್ರೋಮ್ ಹಿಡಿದೇ ಇರಲಿಲ್ಲ, ಅದು ಟ್ಯಾಂಕಿನ ಕಡೆಯ ತೊಂದರೆ. ಬೆನ್ನು ಬೂದು ಬಣ್ಣವಾಗಿ, ಒರಟಾಗಿ, ಉಕ್ಕು ಅಂಟಿಕೊಂಡಿದ್ದರೆ ಒಡೆದದ್ದು ಡೈಯ ಮೇಲ್ಮೈ. ನಿಮ್ಮ ಶಾಪಿನಲ್ಲೇ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಹಾಗಾಗಿ ವೈರ್‌ಕಟ್‌ನಲ್ಲಿ ಒಂದು ರಫ್ ಕಟ್ ಹೊಡೆದು ಬಿಡಬಾರದು. ಮೇಲೆ ಎರಡು ಮೂರು ಫಿನಿಶ್ ಕಟ್ ಹಾಕಿಸಿ. ಆಮೇಲೆ ಸ್ಟೋನ್ ಹಿಡಿದು ಆ ಪದರ ಪೂರ್ತಿ ಹೋಗುವವರೆಗೆ ಉಜ್ಜಿಸಿ. ರೇಡಿಯಸ್‌ನಲ್ಲಿ ಮತ್ತು ಮೂಲೆಯಲ್ಲಿ ಕೈ ಹೋಗುವುದು ಕಷ್ಟ, ಅದಕ್ಕೇ ಅಲ್ಲಿ ಪದರ ಉಳಿದುಬಿಡುತ್ತದೆ. ಕೊನೆಯ ಪಾಲಿಶ್ ಶೀಟ್ ಜಾರುವ ದಿಕ್ಕಿನಲ್ಲೇ ಇರಲಿ. ಅಡ್ಡ ಗೆರೆ ಉಳಿಸಬೇಡಿ. ಕ್ರೋಮ್ ಗೆರೆಯನ್ನು ಮುಚ್ಚುತ್ತದೆ ಅಂತ ಅಂದುಕೊಂಡವರು ಬಹಳ ಜನ. ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಗ್ರೈಂಡಿಂಗ್‌ನಲ್ಲಿ ಸುಟ್ಟ ಜಾಗಕ್ಕೂ ಇದೇ ಮಾತು. ಡಿ2ನಲ್ಲಿ ಶೇಕಡಾ 12ರಷ್ಟು ಕ್ರೋಮಿಯಂ, 1.5ರಷ್ಟು ಇಂಗಾಲ ಇದೆ. ಒತ್ತಿ ಗ್ರೈಂಡ್ ಮಾಡಿದರೆ ಬಲುಬೇಗ ಬಿರುಕು ಬಿಡುವ ಉಕ್ಕು ಅದು.

ಕೆಳಗಿನ ಉಕ್ಕಿನ ಗಡಸುತನ ನಿಮ್ಮಲ್ಲಿ ಸರಿಯಾಗಿಯೇ ಇದೆ. 58 ಇದ್ದರೆ ಚಿಂತೆ ಇಲ್ಲ. ಕೆಲವರು ಗಡಸು ಮಾಡದ ಮೆತ್ತಗಿನ ಇಎನ್8 ಉಕ್ಕಿನ ಮೇಲೆ ಕ್ರೋಮ್ ಹಾಕಿಸಿ ‘ಗಡಸು ಡೈ’ ಅನ್ನುತ್ತಾರೆ. ಅದು ಮೊಸರಿನ ಮೇಲೆ ಹಪ್ಪಳ ಇಟ್ಟ ಹಾಗೆ. ಹಪ್ಪಳ ಗರಿಗರಿಯಾಗಿಯೇ ಇರುತ್ತದೆ, ಬೆರಳು ಒತ್ತಿದ ಕೂಡಲೇ ಮುರಿಯುತ್ತದೆ. ಹಾರ್ಡ್ ಕ್ರೋಮ್‌ನ ಗಡಸುತನ, ವಿಕರ್ಸ್ ಅನ್ನುವ ಇನ್ನೊಂದು ಅಳತೆಯಲ್ಲಿ, 850ರಿಂದ 1050. ನಿಮ್ಮ ಡಿ2 ಸುಮಾರು 650ರಿಂದ 700. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಗಡಸುತನದ ಪರೀಕ್ಷೆಯಲ್ಲೂ ಒಂದು ಗೊಂದಲ ಇದೆ. ಕ್ರೋಮ್ ಹಾಕಿದ ಡೈಯನ್ನು ರಾಕ್‌ವೆಲ್ ಮೆಷಿನ್ ಮೇಲಿಟ್ಟು ‘60 ಬಂತು, ಕ್ರೋಮ್ ಗಡಸು ಆಗಿಲ್ಲ’ ಅಂತ ಪ್ಲೇಟಿಂಗ್‌ನವರ ಮೇಲೆ ರೇಗುವವರಿದ್ದಾರೆ. 60 ಎಚ್‌ಆರ್‌ಸಿ ಓದಿಗೆ ಆ ವಜ್ರದ ಮೊನೆ 80 ಮೈಕ್ರಾನ್ ಕೆಳಕ್ಕೆ ಇಳಿಯುತ್ತದೆ. 20 ಮೈಕ್ರಾನ್ ಕ್ರೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ಅಳೆದದ್ದು ಡೈಯ ಉಕ್ಕನ್ನು. ಕ್ರೋಮ್ ಅಳೆಯಲು ಮೈಕ್ರೋ ವಿಕರ್ಸ್ ಬೇಕು. 100 ಗ್ರಾಂ ಭಾರದಲ್ಲಿ ಆ ಮೊನೆ ಇಳಿಯುವುದು ಸುಮಾರು 2 ಮೈಕ್ರಾನ್. ಡೈಯನ್ನೇ ಕತ್ತರಿಸಿ ನೋಡಲಾಗುವುದಿಲ್ಲ ಅಲ್ವಾ, ಅದಕ್ಕೆ ಅದೇ ಉಕ್ಕಿನ ಒಂದು ತುಂಡನ್ನು ಡೈ ಜೊತೆಗೇ ಟ್ಯಾಂಕಿಗೆ ಹಾಕಿಸಿ. ಆ ತುಂಡನ್ನು ಲ್ಯಾಬಿಗೆ ಕೊಡಿ. ದಪ್ಪ ನೋಡಲು ಇಷ್ಟು ಕಷ್ಟ ಬೇಡ. ಕ್ರೋಮ್ ಪದರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಉಕ್ಕು ಅಂಟುತ್ತದೆ. ಪೇಂಟ್ ದಪ್ಪ ಅಳೆಯುವ ಮ್ಯಾಗ್ನೆಟಿಕ್ ಗೇಜೇ ಸಾಕು. ಮೂಲೆ, ರೇಡಿಯಸ್, ನೇರ ಬದಿ, ಮೂರೂ ಕಡೆ ಅಳೆದು ಬರೆದಿಡಿ.

ಟ್ಯಾಂಕಿನ ಕಡೆಯ ತಪ್ಪುಗಳಿಗೆ ಬರೋಣ. ಕ್ರೋಮ್ ಹಿಡಿಯಬೇಕಾದರೆ ಮೊದಲು ಉಲ್ಟಾ ಕರೆಂಟ್ ಕೊಟ್ಟು ಉಕ್ಕಿನ ಮೇಲ್ಮೈಯನ್ನು ಸ್ವಲ್ಪ ತಿನ್ನಿಸಬೇಕು. ಇದಕ್ಕೆ ಎಚ್ಚಿಂಗ್ ಅನ್ನುತ್ತಾರೆ. ಮಾಡದಿದ್ದರೆ ಪದರ ಹಿಡಿಯುವುದಿಲ್ಲ. ಡಿ2ಗೆ ಅತಿಯಾಗಿ ಮಾಡಿದರೂ ತಪ್ಪು. ಉಕ್ಕು ಕರಗಿ ಕಾರ್ಬೈಡ್ ಕಣಗಳು, ಕಪ್ಪು ಮಸಿ ಮೇಲೆ ಉಳಿಯುತ್ತವೆ, ಕ್ರೋಮ್ ಆ ಮಸಿಯ ಮೇಲೆ ಕೂರುತ್ತದೆ. ಸಾಮಾನ್ಯ ಉಕ್ಕಿಗೆ ಕೊಡುವಷ್ಟು ಹೊತ್ತು ಡಿ2ಗೆ ಕೊಡಬಾರದು. ಹಾಗಾಗಿ ಚಲನ್‌ನಲ್ಲಿ ‘ಡೈ, 1 ನಂ.’ ಅಂತ ಬರೆದು ಕಳಿಸಬೇಡಿ. ಯಾವ ಉಕ್ಕು, ಎಷ್ಟು ಗಡಸು, ಎಷ್ಟು ಡಿಗ್ರಿಯಲ್ಲಿ ಟೆಂಪರ್ (ಗಡಸು ಮಾಡಿದ ಮೇಲೆ ಪೆಡಸು ಇಳಿಸಲು ಮತ್ತೆ ಬಿಸಿ ಮಾಡುವುದು) ಆಗಿದೆ, ಮೂರೂ ಬರೆಯಿರಿ.

ಎರಡನೆಯದು ಕರೆಂಟ್ ಹೋಗುವುದು. ನಮ್ಮ ಕಡೆ ಇದು ಸಾಮಾನ್ಯ. ಪ್ಲೇಟಿಂಗ್ ನಡುವೆ ಹತ್ತು ಸೆಕೆಂಡ್ ಹೋಗಿ ಬಂದರೂ ಸಾಕು, ಆಗಲೇ ಕೂತ ಕ್ರೋಮ್ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಬಂದಿರುತ್ತದೆ. ಮತ್ತೆ ನೇರವಾಗಿ ಶುರು ಮಾಡಿದರೆ ಕ್ರೋಮ್ ಮೇಲೆ ಕ್ರೋಮ್ ಹಿಡಿಯುವುದಿಲ್ಲ, ಪದರ ಪದರವಾಗಿ ಬರುತ್ತದೆ. ಸರಿಯಾದವರು ಮತ್ತೆ ಉಲ್ಟಾ ಕರೆಂಟ್ ಕೊಟ್ಟು, ನಿಧಾನಕ್ಕೆ ಆಂಪಿಯರ್ ಏರಿಸುತ್ತಾರೆ. ಅವಸರದವರು ಸುಮ್ನೆ ಸ್ವಿಚ್ ಹಾಕುತ್ತಾರೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಒಂದು ಫೇಸ್ ಕೈಕೊಟ್ಟು ಏರಿಳಿತದ ಕರೆಂಟ್ ಬರುತ್ತಿದ್ದರೂ ಇದೇ ತರಹದ ದೋಷ ಕಾಣುತ್ತದೆ. ನಿಮ್ಮ ಸಿಪ್ಪೆಯಲ್ಲಿ ಎರಡು ಮೂರು ಪದರ ಬಿಡಿಬಿಡಿಯಾಗಿ ಕಂಡರೆ ಕಾರಣ ಇದು.

ಈಗ ಹೈಡ್ರೋಜನ್. ಗುಳ್ಳೆಯಾಗಿ ಏಳುವುದರ ಜೊತೆಗೆ ಸ್ವಲ್ಪ ಹೈಡ್ರೋಜನ್ ಉಕ್ಕಿನೊಳಗೂ ಇಳಿಯುತ್ತದೆ. ಮೆತ್ತಗಿನ ಉಕ್ಕಿಗೆ ಅದು ಲೆಕ್ಕಕ್ಕಿಲ್ಲ. 40 ಎಚ್‌ಆರ್‌ಸಿ ದಾಟಿದ ಉಕ್ಕಿಗೆ ಅದು ವಿಷ. ಭಾರದಲ್ಲಿ ಕಟ್ಟಿಟ್ಟ ಪಂಚ್ ರಾತ್ರಿ ಸುಮ್ಮನೆ ಇದ್ದದ್ದು ಬೆಳಿಗ್ಗೆ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ಟ್ಯಾಂಕಿನಿಂದ ತೆಗೆದ ಕೆಲವೇ ಗಂಟೆಗಳೊಳಗೆ ಒವನ್‌ಗೆ ಹಾಕಿ 190 ಡಿಗ್ರಿ ಆಸುಪಾಸಿನಲ್ಲಿ ಎಂಟು ಗಂಟೆಗಾದರೂ ಬೇಯಿಸಬೇಕು. ನಿಮ್ಮಷ್ಟು ಗಡಸು ಇದ್ದರೆ ಇಡೀ ರಾತ್ರಿ ಬಿಟ್ಟರೂ ಒಳ್ಳೆಯದೇ. ಮಾರನೇ ದಿನ ಬೇಯಿಸಿದರೆ ಅಷ್ಟರಲ್ಲಿ ಬಿರುಕು ಶುರುವಾಗಿರಬಹುದು. ಟೆಂಪರಿಂಗ್ ಡಿಗ್ರಿ ಬರೆಯಿರಿ ಅಂದದ್ದು ಇದಕ್ಕೂ ಹೌದು. ನಿಮ್ಮ ಡಿ2 180ರಲ್ಲಿ ಟೆಂಪರ್ ಆಗಿದ್ದರೆ 200ರಲ್ಲಿ ಬೇಯಿಸಿ ಅದನ್ನು ಮೆತ್ತಗೆ ಮಾಡಬಾರದು. 500 ದಾಟಿ ಎರಡು ಸಲ ಟೆಂಪರ್ ಆದ ಡಿ2ಗೆ ಆ ಭಯ ಇಲ್ಲ. ಡೈ ಕೆಲಸಕ್ಕೆ ನನಗೆ ಇಷ್ಟ ಆ ಎರಡನೆಯ ದಾರಿಯೇ.

ಹಳೆ ಕ್ರೋಮ್ ತೆಗೆಸುವಾಗ ಎಚ್ಚರ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕ್ರೋಮ್ ಬೇಗ ಕರಗುತ್ತದೆ, ಅದಕ್ಕೇ ಹಲವರಿಗೆ ಅದು ಪ್ರೀತಿ. ಆದರೆ ಕ್ರೋಮ್ ಹೋದ ಜಾಗದಲ್ಲಿ ಉಕ್ಕನ್ನೂ ತಿನ್ನುತ್ತದೆ, ಹೈಡ್ರೋಜನ್ನೂ ತುಂಬುತ್ತದೆ. ಗಡಸು ಡೈಗೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಉಲ್ಟಾ ಕರೆಂಟ್ ಕೊಟ್ಟು ತೆಗೆಸಿ. ನಿಧಾನ, ಆದರೆ ಉಕ್ಕು ಉಳಿಯುತ್ತದೆ. ಕ್ರೋಮ್‌ನ ದೊಡ್ಡ ಅನುಕೂಲವೇ ಇದು: ಸವೆದರೆ ತೆಗೆದು ಮತ್ತೆ ಹಾಕಬಹುದು. ಡೈ ಅಳತೆ ಕೆಡುವುದಿಲ್ಲ.

ಇಷ್ಟೆಲ್ಲ ಆದಮೇಲೂ ಒಂದು ಮಾತು ಹೇಳಬೇಕು. ಸ್ಟೇನ್‌ಲೆಸ್ ಎಳೆಯಲು ಹಾರ್ಡ್ ಕ್ರೋಮ್ ಒಂದು ದಾರಿ, ಅದೇ ಅತ್ಯುತ್ತಮ ಅಲ್ಲ. 304ಕ್ಕೆ ಉಕ್ಕಿನ ಡೈಗೆ ಅಂಟಿಕೊಳ್ಳುವ ಚಟ. ಒಂದು ಚೂರು ಅಂಟಿದರೆ ಮುಂದಿನ ಎಲ್ಲ ಡಬ್ಬಿಗೂ ಅದೇ ಗೀರು. ಹಿಂದಿನಿಂದ ಬಂದ ಸುಲಭ ಉಪಾಯ ಅಲ್ಯುಮಿನಿಯಂ ಬ್ರಾಂಜ್ ಡೈ ರಿಂಗ್. ಅದು ಡಿ2ಗಿಂತ ಮೆತ್ತಗೆ, ಬೇಗ ಸವೆಯುತ್ತದೆ, ಆದರೆ ಸ್ಟೇನ್‌ಲೆಸ್ ಅದಕ್ಕೆ ಅಂಟುವುದಿಲ್ಲ. ಪೂರ್ತಿ ಡೈ ಬೇಡ, ನಾಲ್ಕು ಮೂಲೆಗೆ ಮಾತ್ರ ಬ್ರಾಂಜ್ ಇನ್ಸರ್ಟ್ ಕೂರಿಸಿ ನೋಡಿ. ಆರ್ಡರ್ ದೊಡ್ಡದಿದ್ದರೆ ಪಿವಿಡಿ ಲೇಪನ (ನಿರ್ವಾತದ ಒಲೆಯಲ್ಲಿ ಆವಿಯಿಂದ ಕೂರಿಸುವುದು) ಇದೆ. ಟೈಟಾನಿಯಂ ನೈಟ್ರೈಡ್ 2,000 ವಿಕರ್ಸ್ ದಾಟುತ್ತದೆ, ದಪ್ಪ ಕೇವಲ 2ರಿಂದ 4 ಮೈಕ್ರಾನ್. ಅಳತೆಯ ತಲೆನೋವೇ ಇಲ್ಲ. ಆದರೆ ಆ ಒಲೆ 450 ಡಿಗ್ರಿವರೆಗೂ ಹೋಗಬಹುದು, ಮೇಲೆ ಹೇಳಿದ 500ರ ಟೆಂಪರಿಂಗ್ ಇದ್ದರೆ ಮಾತ್ರ ಕಳಿಸಿ. ಮತ್ತೆ ಎಣ್ಣೆಯನ್ನೂ ಒಮ್ಮೆ ನೋಡಿ. ಲೋಕಲ್ ಗೇರ್ ಎಣ್ಣೆ ಹಚ್ಚಿ ಸ್ಟೇನ್‌ಲೆಸ್ ಎಳೆಯುವವರಿಗೆ ಯಾವ ಲೇಪನವೂ ಸಹಾಯ ಮಾಡದು.

ಕ್ರೋಮ್ ಹಾಕಿಸುವುದೇ ಆದರೆ: ಸಂದನ್ನು ಮೂಲೆಯಲ್ಲಿ ಬಿಡಿಸಿ, ಬಿಳಿ ಪದರ ತೆಗೆಸಿ, ಒಳ ಆನೋಡ್ ಇಟ್ಟು 20 ಮೈಕ್ರಾನ್, ಬೇಯಿಸಿದ ಮೇಲೆ ಹಗುರ ಪಾಲಿಶ್. ಕ್ರೋಮ್‌ನಲ್ಲಿ ಹುಟ್ಟಿನಿಂದಲೇ ಕೂದಲಿಗಿಂತ ಸಣ್ಣ ಬಿರುಕುಗಳ ಜಾಲ ಇರುತ್ತದೆ. ಅದನ್ನು ನೋಡಿ ಗಾಬರಿ ಬೇಡ. ಅದರಲ್ಲೇ ಎಣ್ಣೆ ನಿಲ್ಲುವುದು.

ಸ್ವಂತ ಟ್ಯಾಂಕಿನ ಪ್ರಶ್ನೆಗೆ ನನ್ನ ಉತ್ತರ, ಬೇಡ. ಕಾರಣ ಹಣ ಅಲ್ಲ. ನಾಲ್ಕು ಚದರ ಡೆಸಿಮೀಟರ್ ಕೆಲಸಕ್ಕೆ 200 ಆಂಪಿಯರ್ ರೆಕ್ಟಿಫೈಯರ್ ಸಾಕು, ಅದು ಸಿಗುತ್ತದೆ. ತೊಂದರೆ ಇರುವುದು ದ್ರಾವಣದಲ್ಲಿ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಇದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ಮೊದಲ ಗುಂಪಿಗೆ ಸೇರಿಸಿದೆ. ಗುಳ್ಳೆ ಒಡೆದಾಗ ಏಳುವ ಹಳದಿ ಮಂಜು ಉಸಿರಿನಲ್ಲಿ ಹೋಗುತ್ತದೆ. ವರ್ಷಗಟ್ಟಲೆ ಸರಿಯಾದ ಗಾಳಿ ವ್ಯವಸ್ಥೆ ಇಲ್ಲದೆ ಇದರ ಮುಂದೆ ನಿಂತವರ ಮೂಗಿನ ನಡುಗೋಡೆಯಲ್ಲಿ ತೂತು ಬೀಳುತ್ತದೆ. ಕೈಯ ಸಣ್ಣ ಗಾಯ ಮಾಯುವುದೇ ಇಲ್ಲ.

ನೀರಿನ ಲೆಕ್ಕ ಇನ್ನೂ ಭಯ ಹುಟ್ಟಿಸುತ್ತದೆ. ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಮ್ಲ ಅಂದರೆ 130 ಗ್ರಾಂ ಕ್ರೋಮಿಯಂ. ಹೊರಗೆ ಬಿಡುವ ನೀರಿನಲ್ಲಿ ಈ ಬಗೆಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ಭಾಗಿಸಿ ನೋಡಿ. ಚೆಲ್ಲಿದ ಒಂದು ಲೀಟರ್ ದ್ರಾವಣ 13 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಡೈ ತೊಳೆದ ನೀರನ್ನು ಆಮ್ಲೀಯ ಮಾಡಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಮೂರು ವೇಲೆನ್ಸಿಗೆ ಇಳಿಸಿ, ಸುಣ್ಣ ಹಾಕಿ ಕೆಸರಾಗಿ ಇಳಿಸಿ, ಆ ಕೆಸರನ್ನು ಅಪಾಯಕಾರಿ ತ್ಯಾಜ್ಯ ಅಂತ ಬೇರೆ ಕಳಿಸಬೇಕು. ವಾರಕ್ಕೆ ಒಂದು ಡೈಗಾಗಿ ಯಾರು ಮಾಡುತ್ತಾರೆ? ಮಾಡುವುದಿಲ್ಲ, ಮೋರಿಗೆ ಬಿಡುತ್ತಾರೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕ ವರದಿಗಳು ನಿಮಗೂ ಗೊತ್ತಿರಬೇಕು.

ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿ ಇಲ್ಲದೆ ಕ್ರೋಮಿಕ್ ಆಮ್ಲ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾ 2039ರ ಹೊತ್ತಿಗೆ ಹಾರ್ಡ್ ಕ್ರೋಮ್‌ನಲ್ಲಿ ಇದನ್ನು ಪೂರ್ತಿ ನಿಲ್ಲಿಸಲು 2023ರಲ್ಲಿ ನಿಯಮ ಮಾಡಿತು. ಪರವಾನಗಿ, ಶುದ್ಧೀಕರಣ ಎಲ್ಲ ಇರುವವರ ಹತ್ತಿರವೇ ಕೆಲಸ ಮಾಡಿಸಿ. ಎರಡು ಕಾಸು ಜಾಸ್ತಿ ಆದರೂ ಸರಿ.

ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟ ಆಯಿತು. ಹೌದು, ಡೈಯನ್ನೇ ಬೆಳೆಸಬಹುದು. ಎಲೆಕ್ಟ್ರೋಫಾರ್ಮಿಂಗ್ ಅನ್ನುತ್ತಾರೆ. ಮಾದರಿಯೊಂದರ ಮೇಲೆ ಲೋಹವನ್ನು ದಪ್ಪಗೆ ಕೂರಿಸಿ, ಆಮೇಲೆ ಮಾದರಿಯಿಂದ ಬಿಡಿಸಿ ತೆಗೆಯುವುದು. ಇಲ್ಲಿ ಪದರ ಅಂಟಬಾರದು, ಬಿಟ್ಟು ಬರಬೇಕು! ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಯಾಕೋಬಿ 1838ರಲ್ಲೇ ಇದನ್ನು ಮಾಡಿ ತೋರಿಸಿದರು. ಗ್ರಾಮಫೋನ್ ತಟ್ಟೆ ಒತ್ತುವ ಅಚ್ಚು, ಆಮೇಲೆ ಸಿಡಿ ಒತ್ತುವ ಅಚ್ಚು, ಎಲ್ಲ ಹೀಗೆ ಬೆಳೆದ ನಿಕ್ಕಲ್. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಚರ್ಮದಂಥ ನೆರಿಗೆ ಇರುತ್ತದಲ್ಲ, ಅದರ ಅಚ್ಚು ಕೂಡ ಎಷ್ಟೋ ಕಡೆ ನಿಕ್ಕಲ್ ಚಿಪ್ಪು. ಮಾದರಿಯಲ್ಲಿ ಏನಿದೆಯೋ, ಬೆರಳಚ್ಚಿನ ಸಮೇತ, ಹಾಗೇ ಬರುತ್ತದೆ.

ಆದರೆ ನಿಧಾನ. ನಿಕ್ಕಲ್ ಸಲ್ಫಮೇಟ್ ಬಾತ್‌ನಲ್ಲಿ ಒಂದು ಚದರ ಡೆಸಿಮೀಟರಿಗೆ ಒಂದು ಆಂಪಿಯರ್ ಕೊಟ್ಟರೆ ಗಂಟೆಗೆ 12 ಮೈಕ್ರಾನ್. 4 ಆಂಪಿಯರ್‌ನಲ್ಲಿ 3 ಮಿ.ಮೀ. ಚಿಪ್ಪಿಗೆ 60 ಗಂಟೆಗೂ ಜಾಸ್ತಿ. ಗಡಸುತನವೂ ಸಾಲದು. ಮಾಮೂಲಿ ಸಲ್ಫಮೇಟ್ ನಿಕ್ಕಲ್ 200 ವಿಕರ್ಸ್ ಆಸುಪಾಸು. ಕೋಬಾಲ್ಟ್ ಬೆರೆಸಿ ಗಡಸು ಮಾಡುತ್ತಾರೆ, ಆದರೂ ಡಿ2 ಹತ್ತಿರಕ್ಕೆ ಬರುವುದಿಲ್ಲ. ಸ್ಯಾಕರಿನ್‌ನಂಥ ಗಂಧಕ ಇರುವ ಸೇರ್ಪಡೆ ಹಾಕಿ ಏರಿಸಿದರೆ ಬಿಸಿಯಲ್ಲಿ ಪೆಡಸಾಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಅಚ್ಚಿಗೆ ಸರಿ. ಸ್ಟೇನ್‌ಲೆಸ್ ಶೀಟ್ ಎಳೆಯುವ ಪ್ರೆಸ್ ಡೈಗೆ ಆಗದು.

ಪ್ಲಾಸ್ಟಿಕ್ ಮೋಲ್ಡ್ ಮಾಡುವ ಗೆಳೆಯರು ನಿಮಗಿದ್ದರೆ ಅವರಿಗೆ ಇನ್ನೊಂದು ದಾರಿ ಹೇಳಿ. ಆಳವಾದ ತೂತು, ಸಂದಿ ಇರುವ ಅಚ್ಚಿಗೆ ಎಲೆಕ್ಟ್ರೋಲೆಸ್ ನಿಕ್ಕಲ್ ಒಳ್ಳೆಯದು. ಅದಕ್ಕೆ ಕರೆಂಟೇ ಬೇಡ, ಹಾಗಾಗಿ ಅಂಚು, ಮೂಲೆ ಅನ್ನುವ ಭೇದ ಇಲ್ಲ, ಎಲ್ಲ ಕಡೆ ಒಂದೇ ದಪ್ಪ. ಅಮೆರಿಕದ ಬ್ರೆನ್ನರ್ ಮತ್ತು ಗ್ರೇಸ್ ರಿಡೆಲ್ 1946ರಲ್ಲಿ ಪ್ರಕಟಿಸಿದ ವಿಧಾನ ಅದು. ಹಾಕಿದಾಗ 500 ವಿಕರ್ಸ್ ಚಿಲ್ಲರೆ. 400 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿದರೆ 900 ಮುಟ್ಟುತ್ತದೆ, ಅಂದರೆ ಕ್ರೋಮ್ ಪಕ್ಕಕ್ಕೆ.

ನಿಮಗೆ ಉಪಯೋಗ ಆಗಬಹುದಾದ ಎಲೆಕ್ಟ್ರೋಫಾರ್ಮಿಂಗ್ ಒಂದಿದೆ. ಡಬ್ಬಿ ಮುಚ್ಚಳದ ಮೇಲೆ ಹೂವೋ ಹೆಸರೋ ಉಬ್ಬಿಸುವ ಆರ್ಡರ್ ಬಂದರೆ, ಆ ಚಿತ್ತಾರವನ್ನು ಮೇಣದಲ್ಲೋ ರೆಸಿನ್‌ನಲ್ಲೋ ಮಾಡಿಸಿ. ಮೇಲೆ ಬೆಳ್ಳಿ ಪೊರೆ ಕೊಟ್ಟು ತಾಮ್ರ ಬೆಳೆಸಿ. ತಾಮ್ರಕ್ಕೆ ಸಾಮಾನ್ಯ ತಾಮ್ರದ ಸಲ್ಫೇಟ್ ಬಾತ್ ಸಾಕು, ಕ್ರೋಮ್‌ನ ಅಪಾಯ ಇಲ್ಲ. 3 ಆಂಪಿಯರ್‌ನಲ್ಲಿ ಗಂಟೆಗೆ 40 ಮೈಕ್ರಾನ್, 2 ಮಿ.ಮೀ.ಗೆ ಎರಡು ದಿನ. ಆ ತಾಮ್ರದ ಚಿಪ್ಪಿನ ಬೆನ್ನಿಗೆ ಬೆಸುಗೆ ತುಂಬಿ, ಸ್ಪಾರ್ಕ್ ಮೆಷಿನ್‌ಗೆ ಎಲೆಕ್ಟ್ರೋಡ್ ಮಾಡಿಕೊಂಡು ಗಡಸು ಡಿ2ಗೆ ಇಳಿಸಿ. ಕೈಯಲ್ಲಿ ಕೆತ್ತಿಸುವ ಖರ್ಚು ಉಳಿಯುತ್ತದೆ. ಆ ಡೈಗೂ ಕ್ರೋಮ್ ಹಾಕಿಸುವುದಿದ್ದರೆ 5 ಮೈಕ್ರಾನ್ ದಾಟಬೇಡಿ, ಚಿತ್ತಾರದ ಅಂಚು ಮೊಂಡಾಗುತ್ತದೆ.